ಮಕ್ಕಳ ನೆನಪು, ಗಮನ: ಕಂಪ್ಯೂಟರ್ ಪರೀಕ್ಷೆ ಮಾಡುವ ಬಗೆ

ಆಷಾಢದ ಮಳೆಯಲ್ಲಿ ಶಿರಸಿಯ ಕಡೆ ತಗಡಿನ ಮಾಡಿನಡಿ ಕೂತು ಅಂಕಿ ಕೇಳಿಸಿದರೆ ಮಗುವಿನ ನೆನಪು ಅಳೆದಂತಾಗುವುದಿಲ್ಲ, ಕಿವಿ ಅಳೆದಂತಾಗುತ್ತದೆ. ಕಾಂಕ್ರೀಟ್ ಮಾಡಿನ ಕೋಣೆ ಹುಡುಕಿ. ಬೆಳಿಗ್ಗೆ, ತಿಂಡಿ ಆದ ಮೇಲೆ ಕೂರಿಸಿ. ಕನ್ನಡಕ ಇರುವ ಮಗು ಅದನ್ನು ತಂದಿದೆಯೇ ನೋಡಿ.

ಅಂಕಿ ಪರೀಕ್ಷೆಯಲ್ಲಿ ಸೆಕೆಂಡಿಗೆ ಒಂದರಂತೆ, ರಾಗವಿಲ್ಲದೆ ಅಂಕಿ ಕೇಳಿಸಬೇಕು, ಮಗು ಅವನ್ನು ತಿರುಗಿ ಹೇಳಬೇಕು. ಎರಡು ಅಂಕಿಯಿಂದ ಶುರು, ಆಮೇಲೆ ಒಂದೊಂದೇ ಹೆಚ್ಚಿಸಿ. ಪ್ರತಿ ಉದ್ದಕ್ಕೂ ಎರಡು ಅವಕಾಶ, ಎರಡೂ ತಪ್ಪಿದರೆ ಅಲ್ಲಿಗೆ ನಿಲ್ಲಿಸಿ. ಇಲ್ಲಿ ಭಾಷೆಯದೇ ದೊಡ್ಡ ತೊಡಕು. ಕಾರವಾರದ ಎಷ್ಟೋ ಮಕ್ಕಳು ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡುತ್ತಾರೆ. ಮಗು ತಾನಾಗಿ ಯಾವುದರಲ್ಲಿ ಎಣಿಸುತ್ತದೋ ಅದರಲ್ಲೇ ಕೇಳಿಸಿ. ‘ಎರಡು’, ‘ಒಂಬತ್ತು’ ಹೇಳಲು ‘ಟೂ’, ‘ನೈನ್’ಗಿಂತ ಹೊತ್ತು ಹೆಚ್ಚು ಬೇಕು, ಪದ ಉದ್ದವಾದಷ್ಟೂ ನೆನಪಲ್ಲಿ ನಿಲ್ಲುವ ಅಂಕಿ ಕಡಿಮೆ. ಹಾಗಾಗಿ ಇಂಗ್ಲಿಷ್ ಮಕ್ಕಳಿಗೆ ಮಾಡಿದ ಅಂಕಪಟ್ಟಿಗೆ ಕನ್ನಡದ ಅಂಕ ಹೋಲಿಸಬೇಡಿ.

ಕಣ್ಣಿಗೆ ಕಂಡ ಜಾಗದ ನೆನಪು ನೋಡುವ ಕಾರ್ಸಿ ಪರೀಕ್ಷೆಗೆ ಭಾಷೆಯ ಈ ರಗಳೆ ಕಡಿಮೆ: 9 ಚೌಕ, ಒಂದೊಂದೇ ಬೆಳಗುತ್ತದೆ, ಮಗು ಅದೇ ಕ್ರಮದಲ್ಲಿ ಮುಟ್ಟಬೇಕು. ಕರಾವಳಿಯ ಸೆಕೆಗೆ ಬೆವೆತ ಬೆರಳು ಟ್ಯಾಬ್ ಮೇಲೆ ಒಮ್ಮೆ ಮುಟ್ಟಿದರೂ ಎರಡು ಸಲ ದಾಖಲಾಗಬಹುದು. ಪಕ್ಕದಲ್ಲಿ ಒಣ ಬಟ್ಟೆ ಇರಲಿ.

ಗಮನದ ಪರೀಕ್ಷೆ ಬೇಸರ ಬರುವಷ್ಟು ಉದ್ದ, ಬೇಕೆಂದೇ ಹಾಗೆ. ಕಾನರ್ಸ್ ಪರೀಕ್ಷೆ ಸುಮಾರು 14 ನಿಮಿಷದ್ದು, 8 ವರ್ಷ ದಾಟಿದವರಿಗೆ. ‘ಎಕ್ಸ್’ ಬಿಟ್ಟು ಯಾವ ಅಕ್ಷರ ಬಂದರೂ ಸ್ಪೇಸ್‌ಬಾರ್ ಒತ್ತಬೇಕು. ಒತ್ತಬೇಕಾದಾಗ ಒತ್ತದಿದ್ದರೆ ಗಮನ ಜಾರಿದೆ. ‘ಎಕ್ಸ್’ಗೂ ಒತ್ತಿದರೆ ಕೈ ತಡೆಯಲಾಗಿಲ್ಲ. ಎರಡನ್ನೂ ಕೂಡಿಸಿ ಒಂದೇ ‘ತಪ್ಪು’ ಎಂದು ಬರೆಯಬೇಡಿ. ಅಕ್ಷರ ಮೂಡಿ 100 ಮಿಲಿಸೆಕೆಂಡ್ ಆಗುವ ಮೊದಲೇ ಬಂದ ಒತ್ತುಗಳು ಅಕ್ಷರ ನೋಡಿ ಒತ್ತಿದ್ದಲ್ಲ. ನಡುವೆ ಅಮ್ಮ ‘ನೋಡು ಮಾರಾಯ, ನೋಡು’ ಅಂದರೂ ಪರೀಕ್ಷೆ ಕೆಟ್ಟಿತು. ಅವರನ್ನು ಹೊರಗೆ ಜಗುಲಿಯಲ್ಲಿ ಕೂರಿಸಿ.

ಒತ್ತುವ ವೇಗವೂ ಲೆಕ್ಕಕ್ಕೆ ಬರುವುದರಿಂದ ವೈರ್ ಇರುವ ಕೀಬೋರ್ಡ್ ಬಳಸಿ, ವೈಫೈ ಆಫ್ ಮಾಡಿ. 60 ಹರ್ಟ್ಸ್ ಪರದೆ ಸುಮಾರು 17 ಮಿಲಿಸೆಕೆಂಡಿಗೊಮ್ಮೆ ಬದಲಾಗುತ್ತದೆ, ಟಚ್‌ಸ್ಕ್ರೀನ್ ಮತ್ತಷ್ಟು ತಡ. ಇವತ್ತು ಲ್ಯಾಪ್‌ಟಾಪ್, ಮುಂದಿನ ಸಲ ಟ್ಯಾಬ್ ಆದರೆ ವೇಗದ ಅಂಕಗಳನ್ನು ಹೋಲಿಸಲಾಗದು. ಬ್ಯಾಟರಿ ತುಂಬಿರಲಿ. ಕರೆಂಟ್ ಹೋಗಿ ಯಂತ್ರ ಆರಿದರೆ ಉಳಿದರ್ಧ ಮುಂದುವರಿಸಬೇಡಿ: ಕೊನೆಕೊನೆಗೆ ಗಮನ ಹೇಗೆ ಕುಸಿಯುತ್ತದೆ ಎಂಬುದೇ ಇಲ್ಲಿ ಬೇಕಾದದ್ದು. ಇನ್ನೊಂದು ದಿನ ಮೊದಲಿನಿಂದ ಮಾಡಿ.

ಅಂಕದ ಜೊತೆ ಹೊತ್ತು, ಭಾಷೆ, ಯಂತ್ರ, ಹಿಂದಿನ ರಾತ್ರಿಯ ನಿದ್ದೆ ಬರೆದಿಡಿ. ಕಡಿಮೆ ಬಂದರೆ ಮೊದಲು ಕಣ್ಣು, ಕಿವಿ ತೋರಿಸಿ. ಆ ಚೀಟಿ ಸಮೇತ ಮಕ್ಕಳ ವೈದ್ಯರಲ್ಲಿಗೆ ಆಮೇಲೆ ಹೋಗಿ. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಹೌದೋ ಅಲ್ಲವೋ ಎಂದು ಈ ಪರೀಕ್ಷೆಯೊಂದೇ ಹೇಳಲಾರದು.