ತ್ರಿವರ್ಣ ಧ್ವಜ: ಕಟ್ಟುವುದು, ಹಾರಿಸುವುದು, ಮಡಚುವುದು

ಧ್ವಜಾರೋಹಣದ ಎಡವಟ್ಟುಗಳೆಲ್ಲ ಬಹುಪಾಲು ಕಟ್ಟುವಾಗಲೇ ಆಗಿರುತ್ತವೆ. ಸುತ್ತಿ ಗಂಟು ಹಾಕಿದ ಮೇಲೆ ಕೇಸರಿ ಮೇಲಿದೆಯೋ ಹಸಿರು ಮೇಲಿದೆಯೋ ಹೊರಗಿನಿಂದ ತಿಳಿಯದು. ಹಾಗಾಗಿ ಬಾವುಟವನ್ನು ಬಿಡಿಸಿಕೊಂಡೇ ಹಗ್ಗಕ್ಕೆ ಕಟ್ಟಿ, ಒಮ್ಮೆ ತುದಿಯವರೆಗೆ ಏರಿಸಿ ನೋಡಿ, ಇಳಿಸಿ, ಆಮೇಲೆ ಸುತ್ತಿ. ರಾಟೆಯಲ್ಲಿ ಹಗ್ಗ ಸಿಕ್ಕಿಕೊಳ್ಳುವಂತಿದ್ದರೆ ಅದೂ ಆಗಲೇ ಗೊತ್ತಾಗುತ್ತದೆ.

ಬಿಚ್ಚಿಕೊಳ್ಳುವ ಮುನ್ನ ಒಳಗೆ ಹೂವಿನ ಎಸಳು ಇಡಲು ಧ್ವಜ ಸಂಹಿತೆಯ ಒಪ್ಪಿಗೆಯಿದೆ. ಒಂದು ಹಿಡಿ ಸಾಕು. ನೀರು ಚಿಮುಕಿಸಿದ ಎಸಳು ಬೇಡ. ಒದ್ದೆ ಬಟ್ಟೆಯ ಮಡಿಕೆ ಗಾಳಿಗೆ ಬಿಡಿಸಿಕೊಳ್ಳುವುದಿಲ್ಲ. ಗಂಟು ಜಾರುಗಂಟೇ ಆಗಿರಬೇಕು: ಹಗ್ಗವನ್ನು ಸುರುಳಿಗೆ ಒಂದು ಸುತ್ತು ತಂದು, ತುದಿಯನ್ನು ತೂರಿಸದೆ, ಮಡಚಿದ ಕುಣಿಕೆಯನ್ನಷ್ಟೇ ತೂರಿಸಿ. ತುದಿಯೂ ಒಳಗೆ ಹೋಯಿತೋ, ಅದು ಕಗ್ಗಂಟು. ಅತಿಥಿಗಳು ಎಳೆದಷ್ಟೂ ಬಿಗಿಯುತ್ತದೆ.

ಏರಿಸುವುದು ಚುರುಕಾಗಿ, ಇಳಿಸುವುದು ನಿಧಾನವಾಗಿ. ಕಂಬದಲ್ಲಿ ಬೇರೆ ಬಾವುಟ ಜೊತೆಗಿರಬಾರದು. ಬಟ್ಟೆಯ ಮೇಲೆ ಬರವಣಿಗೆ ಕೂಡದು, ಹರಿದದ್ದು, ಮಾಸಿದ್ದು ಏರಿಸಬಾರದು, ನೆಲಕ್ಕೆ ತಾಗಿಸಬಾರದು. ಅಳತೆ ಯಾವುದಾದರೂ ಉದ್ದ–ಅಗಲ 3:2 ಇರಲಿ. 2021ರ ಡಿಸೆಂಬರ್ ತಿದ್ದುಪಡಿಯ ನಂತರ ಪಾಲಿಯೆಸ್ಟರ್ ಬಾವುಟವೂ ನಡೆಯುತ್ತದೆ. 2022ರ ಜುಲೈನಿಂದ ಮನೆಯ ಮೇಲೆ ಹಗಲು ರಾತ್ರಿ ಹಾರಿಸಬಹುದು. ಆದರೆ ವಾರಗಟ್ಟಲೆ ಬಿಸಿಲು ಮಳೆಗೆ ಬಿಟ್ಟರೆ ಅಂಚು ನೂಲು ಬಿಡುತ್ತದೆ. ಏರಿಸಿ ಮರೆಯುವವರು ಸಂಜೆ ಇಳಿಸುವುದೇ ವಾಸಿ.

ಗೋಡೆಗೆ ಲಂಬವಾಗಿ ತೂಗುಹಾಕುವಾಗ ಹೆಚ್ಚಿನವರು ತಪ್ಪುತ್ತಾರೆ: ಎದುರು ನಿಂತು ನೋಡುವವರ ಎಡಕ್ಕೆ ಕೇಸರಿ ಬರಬೇಕು. ವೇದಿಕೆಯಲ್ಲಿ ಕಂಬಕ್ಕೆ ಕಟ್ಟಿಟ್ಟರೆ ಅದು ಸಭಿಕರತ್ತ ಮುಖ ಮಾಡಿದ ಭಾಷಣಕಾರರ ಬಲಕ್ಕಿರಲಿ. ಮೇಜಿಗೆ ಹೊದಿಸುವ ಬಟ್ಟೆಯಾಗಿ ಮಾತ್ರ ಎಂದೂ ಬೇಡ.

ಮಡಚಲು ಇಬ್ಬರು ಬೇಕು. ಅಡ್ಡಲಾಗಿ ಹಿಡಿದು ಕೇಸರಿ, ಹಸಿರು ಎರಡೂ ಪಟ್ಟಿಗಳನ್ನು ಬಿಳಿಯ ಅಡಿಗೆ ಮಡಚಿ. ಬಳಿಕ ಬಿಳಿ ಪಟ್ಟಿಯ ಎರಡೂ ತುದಿಗಳನ್ನು, ಅಶೋಕ ಚಕ್ರವೂ ಕೇಸರಿ–ಹಸಿರಿನ ತುಸು ಭಾಗವೂ ಮೇಲೆ ಕಾಣುವಂತೆ ಒಳಕ್ಕೆ ಮಡಚಿ. ಅಂಗೈ ಇಲ್ಲವೇ ತೋಳುಗಳ ಮೇಲಿಟ್ಟು ಒಯ್ಯಿರಿ.

ಹರಿದ ಬಾವುಟವನ್ನು ಒರೆಸುವ ಬಟ್ಟೆ ಮಾಡಬೇಡಿ, ಕಸಕ್ಕೂ ಹಾಕಬೇಡಿ. ಜನರ ಕಣ್ಣಿಗೆ ಬೀಳದ ಕಡೆ, ಇಡಿಯಾಗಿ, ಸುಡುವುದು ಮೇಲು. ಮಕ್ಕಳ ಕೈಯಲ್ಲಿದ್ದ ಕಾಗದದ ಬಾವುಟಗಳಿಗೂ ಇದೇ ಕ್ರಮ. ಕಾರ್ಯಕ್ರಮ ಮುಗಿದ ಕೂಡಲೇ ಬಾಗಿಲಲ್ಲೊಂದು ಪೆಟ್ಟಿಗೆ ಇಟ್ಟು ವಾಪಸ್ ಪಡೆಯಿರಿ.