ಮಡಿಕೇರಿಯಲ್ಲಿ ಫ್ಲ್ಯಾಟ್ ಮಾರಾಟ: ಅಗ್ನಿ ಸುರಕ್ಷತೆಯ ಫೈಲ್ ನಾನು ಸಿದ್ಧಪಡಿಸಿದ ಬಗೆ

ಕ್ರಯಪತ್ರ ನೋಂದಣಿಗೆ ಹೋದಾಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಗ್ನಿಶಾಮಕ ಇಲಾಖೆಯ ಕಾಗದ ಕೇಳುವುದಿಲ್ಲ. ಕೇಳುವವರು ಕೊಳ್ಳುವವರ ಬ್ಯಾಂಕಿನ ವಕೀಲರು, ಇಲ್ಲವೇ ಆಸ್ತಿಯ ಬೆಲೆ ಕಟ್ಟುವ ವ್ಯಾಲ್ಯುಯರ್. ಅದೂ ಮುಂಗಡ ಕೈಸೇರಿ, ಕರಾರಿನ ಗಡುವು ಓಡುತ್ತಿರುವ ಹೊತ್ತಿನಲ್ಲಿ. ಆಗ ಹುಡುಕಲು ಹೊರಟರೆ ತಿಂಗಳೆರಡು ತಿಂಗಳು ಸುಮ್ಮನೆ ಕಳೆದುಹೋಗುತ್ತದೆ. ಆದ್ದರಿಂದ ಫ್ಲ್ಯಾಟಿಗೆ ಬಣ್ಣ ಹೊಡೆಸುವ ಮೊದಲೇ ಈ ಫೈಲ್ ಕೈಗೆತ್ತಿಕೊಂಡೆ.

ಮೊದಲು ತಿಳಿಯಬೇಕಾದ್ದು ಇಷ್ಟು: ಅಗ್ನಿಶಾಮಕ ಇಲಾಖೆಯ ಪತ್ರ ಇಡೀ ಕಟ್ಟಡಕ್ಕೆ ಸೇರಿದ್ದು. ಒಂದು ಮನೆಯ ಮಾಲೀಕರ ಹೆಸರಿಗೆ ಅದು ಸಿಗುವುದಿಲ್ಲ. ಹಾಗಾಗಿ ನನ್ನ ಮೊದಲ ಅರ್ಜಿ ಹೋದದ್ದು ನಿವಾಸಿಗಳ ಸಂಘದ ಕಾರ್ಯದರ್ಶಿಗೆ. ಮಂಜೂರಾದ ನಕ್ಷೆ (ಕಟ್ಟಡವನ್ನು ಸೀಳಿದಂತೆ ಎತ್ತರ ತೋರಿಸುವ ಸೆಕ್ಷನ್ ಡ್ರಾಯಿಂಗ್ ಸಹಿತ), ಓಸಿ (ಕಟ್ಟಡದಲ್ಲಿ ವಾಸಕ್ಕೆ ಅನುಮತಿಸುವ ಪ್ರಮಾಣಪತ್ರ), ಅಗ್ನಿಶಾಮಕ ಇಲಾಖೆಯ ಪತ್ರಗಳು, ಉಪಕರಣಗಳ ನಿರ್ವಹಣೆಯ ಒಪ್ಪಂದ, ಈ ನಾಲ್ಕರ ಪ್ರತಿ ಕೇಳಿದೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 17(2)ನೇ ಕಲಮಿನ ಪ್ರಕಾರ, ಓಸಿ ಪಡೆದು ಮನೆಗಳನ್ನು ವಶಕ್ಕೆ ಕೊಟ್ಟ ಮೇಲೆ ಬಿಲ್ಡರ್ ನಕ್ಷೆ ಮತ್ತು ದಾಖಲೆಗಳನ್ನು ಸಂಘಕ್ಕೆ ಒಪ್ಪಿಸಬೇಕು. ಒಪ್ಪಿಸದೇ ಇದ್ದರೆ, ಇಲ್ಲವೇ ಸಂಘದ ಬೀರುವಿನಲ್ಲಿ ಕಳೆದುಹೋಗಿದ್ದರೆ, ನಕ್ಷೆ ಮಂಜೂರು ಮಾಡಿದ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕುವುದೇ ನೇರ ದಾರಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ನಕ್ಷೆ, ಓಸಿ, ತೆರಿಗೆ ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಿದರೆ ಅರ್ಜಿ ವಾಪಸ್ ಬರಲು ಅಷ್ಟೇ ಕಾರಣ ಸಾಕು.

ಅಗ್ನಿಶಾಮಕ ಇಲಾಖೆಯದು ಎಂದು ಸಂಘದವರು ತೆಗೆದುಕೊಡುವ ಪತ್ರವನ್ನು ತಲೆಬರಹದಿಂದ ಓದಿ. ಕಟ್ಟುವ ಮೊದಲು, ನಕ್ಷೆ ಮಂಜೂರಾತಿಗಾಗಿ ಕೊಡುವುದು ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ. ಅದರಲ್ಲಿ 'ಇಷ್ಟಿಷ್ಟು ಅಳವಡಿಸಬೇಕು' ಎಂಬ ಷರತ್ತುಗಳಷ್ಟೇ ಇರುತ್ತವೆ. ಕಟ್ಟಿದ ಮೇಲೆ ಅಧಿಕಾರಿಗಳು ಸ್ಥಳಕ್ಕೆ ಬಂದು, ಷರತ್ತು ಪಾಲಿಸಿದ್ದನ್ನು ನೋಡಿ ಕೊಡುವುದು ಕ್ಲಿಯರೆನ್ಸ್ ಸರ್ಟಿಫಿಕೇಟ್. ಬ್ಯಾಂಕಿಗೆ ಬೇಕಿರುವುದು ಎರಡನೆಯದು. ಎನ್‌ಒಸಿಯನ್ನೇ ಕೊಟ್ಟು 'ಎಲ್ಲ ಇದೆ' ಅಂದುಕೊಳ್ಳುವುದು ತೀರಾ ಸಾಮಾನ್ಯ ತಪ್ಪು. ಕ್ಲಿಯರೆನ್ಸ್ ಪತ್ರದಲ್ಲಿ ಅವಧಿಯ ಷರತ್ತು ಇದ್ದು, ಅದು ಮುಗಿದಿದ್ದರೆ ನವೀಕರಣಕ್ಕೆ ಅರ್ಜಿ ಹಾಕಬೇಕಾದವರು ಸಂಘದವರೇ.

ಇನ್ನು ಕೊಡಗಿನಲ್ಲಿ ನಿಜವಾಗಿ ತೊಡಕು ತರುವುದು ಎತ್ತರದ ಲೆಕ್ಕ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 4ನೇ ಭಾಗ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡವನ್ನು ಬಹುಮಹಡಿ ಎನ್ನುತ್ತದೆ. ನೆಲಮಹಡಿ ಮತ್ತು ಮೇಲೆ ಮೂರು ಅಂತಸ್ತಿನ ಕಟ್ಟಡ ಸಾಮಾನ್ಯವಾಗಿ ಇದರ ಒಳಗೇ ನಿಲ್ಲುತ್ತದೆ. ಅಂಥ ಎಷ್ಟೋ ಕಟ್ಟಡಗಳಿಗೆ ಬಹುಮಹಡಿ ಕಟ್ಟಡದ ಕ್ಲಿಯರೆನ್ಸ್ ಪತ್ರ ಮೊದಲಿನಿಂದಲೂ ಇರುವುದಿಲ್ಲ, ಅದರಲ್ಲಿ ತಪ್ಪೂ ಇಲ್ಲ. ಆದರೆ ನಮ್ಮದು ಇಳಿಜಾರು ನೆಲ. ರಸ್ತೆಯಿಂದ ನೋಡಿದರೆ ಮೂರು ಅಂತಸ್ತು, ಹಿಂದಿನ ತಗ್ಗಿಗೆ ಇಳಿದು ನೋಡಿದರೆ ಐದು. ವ್ಯಾಲ್ಯುಯರ್ ಕೆಳಗಿನಿಂದ ಫೋಟೋ ತೆಗೆದು ಐದು ಅಂತಸ್ತು ಎಂದು ಬರೆದರೆ, ಬೆಂಗಳೂರಿನಲ್ಲಿ ಕುಳಿತು ಆ ವರದಿ ಓದುವವರು ಕ್ಲಿಯರೆನ್ಸ್ ಪತ್ರ ಕೇಳಿಯೇ ಕೇಳುತ್ತಾರೆ. ಇಲ್ಲಿ ಬಾಯಿಮಾತಿನ ವಾದ ನಡೆಯುವುದಿಲ್ಲ. ಮಂಜೂರಾದ ಸೆಕ್ಷನ್ ಡ್ರಾಯಿಂಗ್‌ನಲ್ಲಿ ಎತ್ತರವನ್ನು ಎಲ್ಲಿಂದ ಎಲ್ಲಿಗೆ ಗುರುತಿಸಿದ್ದಾರೆ ಎನ್ನುವುದೇ ಆಧಾರ. ಆ ಹಾಳೆಯ ಸ್ಪಷ್ಟ ಪ್ರತಿ ತೆಗೆಸಿ, ನೋಂದಾಯಿತ ಎಂಜಿನಿಯರ್ ಅವರಿಂದ ಸ್ಥಳದಲ್ಲೇ ಅಳತೆ ಮಾಡಿಸಿ, ಒಂದು ಪುಟದ ದೃಢೀಕರಣ ಪಡೆದೆ. ಅದರಲ್ಲಿ ರಸ್ತೆ ಮಟ್ಟದಿಂದ ಎತ್ತರ, ತಗ್ಗಿನ ಕಡೆಯಿಂದ ಎತ್ತರ, ನಕ್ಷೆಯಲ್ಲಿರುವ ಎತ್ತರ, ಮೂರನ್ನೂ ಮೀಟರಿನಲ್ಲಿ ಬೇರೆಬೇರೆಯಾಗಿ ಬರೆಸಬೇಕು. ಒಂದೇ ಅಂಕಿ ಬರೆಸಿದರೆ ಮತ್ತೆ ಅನುಮಾನ ಹುಟ್ಟುತ್ತದೆ. ಆಮೇಲೆ ಇದೇ ಪುಟವನ್ನು ಲಗತ್ತಿಸಿ, ಈ ಕಟ್ಟಡಕ್ಕೆ ಕ್ಲಿಯರೆನ್ಸ್ ಅನ್ವಯಿಸುತ್ತದೆಯೇ ಎಂದು ಸಂಘದ ಲೆಟರ್‌ಹೆಡ್‌ನಲ್ಲಿ ಮಡಿಕೇರಿಯ ಅಗ್ನಿಶಾಮಕ ಕಚೇರಿಗೆ ಬರೆದು, ಸ್ವೀಕೃತಿಯ ಮೊಹರು ಹಾಕಿಸಿಕೊಂಡೆವು.

ಮಂಜೂರಾತಿ ಮೀರಿ ಮೇಲೊಂದು ಅಂತಸ್ತು ಎದ್ದಿದ್ದರೆ ಮಾತ್ರ ಯಾವ ದೃಢೀಕರಣವೂ ಕಾಪಾಡುವುದಿಲ್ಲ. ಅದನ್ನು ಕೊಳ್ಳುವವರಿಗೆ ಮೊದಲ ಮಾತುಕತೆಯಲ್ಲೇ ಹೇಳಿಬಿಡಬೇಕು. ಮುಚ್ಚಿಟ್ಟು ಮಾರುವುದು ಇನ್ನೊಂದು ಕುಟುಂಬವನ್ನು ಅಪಾಯಕ್ಕೆ ದೂಡಿದಂತೆ.

ಸರ್ವೆ ನಂಬರನ್ನೂ ಹೋಲಿಸಿ ನೋಡಿ. ಭೂ ಪರಿವರ್ತನೆ ಆದೇಶದಲ್ಲಿ ಹಳೆಯ ನಂಬರ್, ಪೋಡಿಯಾದ (ಜಮೀನು ಅಳೆದು ಭಾಗ ಮಾಡಿದ) ಮೇಲೆ ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಹೊಸ ಉಪ ನಂಬರ್, ಅಗ್ನಿಶಾಮಕದ ಪತ್ರದಲ್ಲಿ ಮತ್ತೊಂದು ಬಂದಿದ್ದರೆ ವಕೀಲರು ಫೈಲನ್ನು ಅಲ್ಲೇ ನಿಲ್ಲಿಸುತ್ತಾರೆ. ಹಳೆಯದರಿಂದ ಹೊಸದಕ್ಕೆ ನಂಬರ್ ಬದಲಾದ ದಾಖಲೆಯನ್ನು ಅದರ ಹಿಂದೆಯೇ ಪಿನ್ ಮಾಡಿಡಿ.

ಕಾಗದ ಎಷ್ಟೇ ಸರಿಯಿದ್ದರೂ ವ್ಯಾಲ್ಯುಯರ್ ಮೆಟ್ಟಿಲು ಹತ್ತಿಯೇ ಹತ್ತುತ್ತಾರೆ. ಕಾಫಿ, ಕಾಳುಮೆಣಸಿನ ಕೊಯ್ಲಿನ ಕಾಲದಲ್ಲಿ ಮೆಟ್ಟಿಲ ತಿರುವಿನಲ್ಲಿ ಗೋಣಿಚೀಲ, ಮಳೆಗಾಲದಲ್ಲಿ ಚಪ್ಪಲಿ ಸ್ಟ್ಯಾಂಡು ಮತ್ತು ಒಣಹಾಕಿದ ಬಟ್ಟೆ, ಇವೆಲ್ಲ ಫೋಟೋದಲ್ಲಿ ಬರುತ್ತವೆ. ಬೆಂಕಿ ಬಿದ್ದಾಗ ಇಳಿಯಲು ಇರುವುದು ಅದೊಂದೇ ದಾರಿ, ಆದ್ದರಿಂದ ಅದನ್ನು ಫೋಟೋಗಾಗಿ ಮಾತ್ರ ತೆರವು ಮಾಡಬೇಡಿ.

ಬೆಂಕಿ ನಂದಿಸುವ ಸಿಲಿಂಡರುಗಳನ್ನು ಒಂದೊಂದಾಗಿ ನೋಡಿದೆ. ಎಬಿಸಿ ಪುಡಿಯ (ಘನ, ದ್ರವ, ಅನಿಲ ಮೂರೂ ಬಗೆಯ ಬೆಂಕಿಗೆ ಬಳಸುವ) ಸಿಲಿಂಡರಿನಲ್ಲಿ ಗೇಜಿನ ಮುಳ್ಳು ಹಸಿರಿನಲ್ಲಿರಬೇಕು, ಸೀಲ್ ಮತ್ತು ಪಿನ್ ಇರಬೇಕು, ಐಎಸ್‌ಐ ಗುರುತು ಇರಬೇಕು, ತುಂಬಿದ ದಿನಾಂಕ ಮತ್ತು ಮುಂದಿನ ದಿನಾಂಕ ಓದುವಂತಿರಬೇಕು. ಹಸಿರು ತೋರಿಸಿದ ಮಾತ್ರಕ್ಕೆ ಪುಡಿ ಸರಿಯಿದೆ ಎಂದಲ್ಲ. ತಲೆಕೆಳಗು ಮಾಡಿದಾಗ ಒಳಗೆ ಪುಡಿ ಜಾರುವುದು ಕೈಗೆ ತಿಳಿಯಬೇಕು. ಜಾರದಿದ್ದರೆ ಗಂಟು ಕಟ್ಟಿದೆ ಎಂದರ್ಥ. ಜುಲೈನ ತೇವದ ಗಾಳಿಯಲ್ಲಿ ತೆರೆದು ರೀಫಿಲ್ ಮಾಡಿದಾಗ ಹೀಗಾಗುತ್ತದೆ, ಅದಕ್ಕೇ ರೀಫಿಲ್ ಕೆಲಸ ಏಪ್ರಿಲ್ ಒಳಗೆ ಮುಗಿಸುವುದು ಒಳ್ಳೆಯದು. ಮೀಟರ್ ಬೋರ್ಡ್ ಮತ್ತು ಜನರೇಟರ್ ಹತ್ತಿರದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಗೇಜ್ ಇರುವುದಿಲ್ಲ, ತೂಗಿಯೇ ನೋಡಬೇಕು. ಒಳಗಿನ ಅನಿಲದ ತೂಕ ಶೇಕಡಾ 10ಕ್ಕಿಂತ ಹೆಚ್ಚು ಇಳಿದಿದ್ದರೆ ಮತ್ತೆ ತುಂಬಿಸಬೇಕು.

ಹೈಡ್ರಂಟ್ (ಬೆಂಕಿ ನಂದಿಸಲು ನೀರು ಒದಗಿಸುವ ಕೊಳವೆ ವ್ಯವಸ್ಥೆ) ಇರುವ ಕಟ್ಟಡದಲ್ಲಿ ಮೇಲಿನ ಅಂತಸ್ತಿನ ವಾಲ್ವ್ ತೆರೆದು ನೋಡದೆ ಯಾವ ಸರ್ವಿಸ್ ರಿಪೋರ್ಟಿಗೂ ಸಹಿ ಹಾಕಬಾರದು. ಒತ್ತಡ ಇಳಿದಂತೆ ಮೊದಲು ಕೊಳವೆಯ ಒತ್ತಡ ಕಾಯುವ ಚಿಕ್ಕ ಜಾಕಿ ಪಂಪ್, ಆಮೇಲೆ ಮುಖ್ಯ ಪಂಪ್ ತಾನಾಗಿ ಓಡಬೇಕು. ಓಡದಿದ್ದರೆ ಪ್ಯಾನೆಲ್‌ನ ಸ್ವಿಚ್ 'ಮ್ಯಾನ್ಯುಯಲ್'ನಲ್ಲಿ ಉಳಿದಿದೆಯೇ ಎಂದು ಮೊದಲು ನೋಡಿ, ಬಹುತೇಕ ಅದೇ ಕಾರಣ. ಹೋಸ್ ಪೆಟ್ಟಿಗೆಯಲ್ಲಿ ಹಿತ್ತಾಳೆಯ ನಳಿಕೆ ಮಾಯವಾಗಿರುವುದು, ಜೋಡಣೆಯ ರಬ್ಬರ್ ವಾಷರ್ ಇಲ್ಲದಿರುವುದು ಇಲ್ಲಿ ಕಾಣುವ ಇನ್ನೊಂದು ಕೊರತೆ.

ಹೊಗೆ ಪತ್ತೆ ಸಾಧನದ ವಿಷಯ ನಮ್ಮ ಊರಿನದೇ. ತೆರೆದ ಕಾರಿಡಾರಿಗೆ ಮಂಜು ನುಗ್ಗಿದರೆ ಅದನ್ನೇ ಹೊಗೆಯೆಂದು ತಿಳಿದು ಅಲಾರಂ ಕೂಗುತ್ತದೆ. ರಾತ್ರಿ ಎರಡು ಸಲ ಕೂಗಿದ ಮೇಲೆ ಯಾರಾದರೂ ಪ್ಯಾನೆಲ್ಲನ್ನೇ ಆಫ್ ಮಾಡುತ್ತಾರೆ, ಅದು ಹಾಗೆಯೇ ಉಳಿಯುತ್ತದೆ. ಅಂಥ ಜಾಗಕ್ಕೆ ಶಾಖ ಗುರುತಿಸುವ ಸಾಧನ ಹಾಕಬಹುದೇ ಎಂದು ಇಲಾಖೆಯ ಒಪ್ಪಿಗೆ ಕೇಳಿ ಬದಲಾಯಿಸಿಕೊಳ್ಳಬೇಕು. ಗಾಳಿಮಳೆಗೆ ಕರೆಂಟು ದಿನಗಟ್ಟಲೆ ಹೋಗುವುದರಿಂದ ಪ್ಯಾನೆಲ್‌ನ ಬ್ಯಾಟರಿಯೂ ಬೇಗ ಸಾಯುತ್ತದೆ. ಮೈನ್ಸ್ ಆರಿಸಿ, ಗೋಡೆಯ ಕೆಂಪು ಪೆಟ್ಟಿಗೆಯ ಗುಂಡಿ ಒತ್ತಿ ನೋಡಿ. ಆಗಲೂ ಗಂಟೆ ಹೊಡೆದರೆ ಮಾತ್ರ ಬ್ಯಾಟರಿ ಇದೆ ಎಂದು ಬರೆಯಿರಿ.

ಮನೆಯೊಳಗೆ ನೋಡಬೇಕಾದ್ದು ಕಡಿಮೆ: ಮುಂಬಾಗಿಲಾಚೆ ಕಾರಿಡಾರಿಗೆ ಚಾಚಿದ ಕಬ್ಬಿಣದ ಗ್ರಿಲ್, ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್, ಮುಚ್ಚಿ ಅಡುಗೆಮನೆ ಮಾಡಿಕೊಂಡ ಬಾಲ್ಕನಿ. ಕೊಳ್ಳುವವರು ಹೋಂಸ್ಟೇ ನಡೆಸುವ ಯೋಚನೆಯಲ್ಲಿದ್ದರೆ, ಕಟ್ಟಡದ ಕಾಗದಗಳು ವಾಸದ ಬಳಕೆಗಷ್ಟೇ ಎಂದು ಕರಾರಿನಲ್ಲೇ ಬರೆಸಿ.

ಬಾಕಿ ರಿಪೇರಿ ಯಾರ ಪಾಲು ಎನ್ನುವುದಕ್ಕೆ ನಾನು ಹಾಕಿಸಿದ ಸಾಲು ಇದು: "ಕಟ್ಟಡದ ಅಗ್ನಿ ಸುರಕ್ಷತಾ ಉಪಕರಣಗಳಿಗಾಗಿ ಈ ಕರಾರಿನ ದಿನಾಂಕದವರೆಗೆ ಸಂಘವು ವಿಧಿಸಿರುವ ವಂತಿಗೆಯನ್ನು ಮಾರುವವರೂ, ಆನಂತರ ವಿಧಿಸುವುದನ್ನು ಕೊಳ್ಳುವವರೂ ಭರಿಸತಕ್ಕದ್ದು." ಇದರ ಜೊತೆಗೆ ಸಂಘದ ಬಾಕಿಯಿಲ್ಲದ ಪತ್ರ, ಅದೇ ತಿಂಗಳ ಸರ್ವಿಸ್ ರಿಪೋರ್ಟ್, ದಿನಾಂಕ ಕಾಣುವ ಸಿಲಿಂಡರ್ ಲೇಬಲ್‌ಗಳ ಫೋಟೋ ಸೇರಿಸಿ, ಮುಂಗಡ ಪಡೆಯುವ ದಿನವೇ ಪ್ರತಿ ಕೊಟ್ಟು ಕೊಳ್ಳುವವರ ಸಹಿ ಪಡೆದೆ.