ವಿಶ್ವವಿದ್ಯಾಲಯದ ಆವರಣವನ್ನು ಹಂತಹಂತವಾಗಿ ಕಟ್ಟುವ ಬಗೆ

ಕಟ್ಟಡದ ನಕ್ಷೆಗಿಂತ ಮೊದಲು ನೀರಿನ ನಕ್ಷೆಯನ್ನು ಬರೆಯಿರಿ. 1949ರಲ್ಲಿ ಮುಂಬೈಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯದಂತೆ ನಿಮ್ಮ ಆವರಣವೂ ಗುಡ್ಡದ ಮೇಲಿದ್ದರೆ, ಒಂದು ಮಳೆಗಾಲವಿಡೀ ಇಳಿಜಾರಿನಲ್ಲಿ ನಡೆದು, ನೀರಿನ ದಾರಿಗಳನ್ನು ಗುರುತಿಸಿ, ಅಲ್ಲಿ ಯಾವ ಕಟ್ಟಡವೂ ಏಳದಂತೆ ಮಹಾಯೋಜನೆಯಲ್ಲೇ ಕಾಯ್ದಿರಿಸಬೇಕು.

ನವಲಗುಂದ, ಗದಗಿನ ಕಡೆಯ ಎರೆಭೂಮಿಯಾದರೆ ಮಣ್ಣಿನ ಪರೀಕ್ಷೆಯೇ ಮೊದಲ ಖರ್ಚಾಗಲಿ. ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುವ ಆ ಮಣ್ಣಿನಲ್ಲಿ ಆಳವಿಲ್ಲದ ಪಾಯ ಹಾಕಿದರೆ ಕಿಟಕಿಯ ಮೂಲೆಯಿಂದ ಓರೆ ಬಿರುಕು ಏಳುತ್ತದೆ. ಆದ್ದರಿಂದ ಬುಡದಲ್ಲಿ ಗಡ್ಡೆಯಂತೆ ಅಗಲಿಸಿದ ಅಂಡರ್‌ರೀಮ್ಡ್ ಪೈಲುಗಳು, ಅಂದರೆ ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬಗಳು, ಲೇಸು.

ಮೊದಲ ಹಂತಕ್ಕೆ ತರಗತಿ, ಗ್ರಂಥಾಲಯ, ವಸತಿನಿಲಯಗಳಷ್ಟೇ ಸಾಕು. ಆಡಳಿತ ಭವನದ ಗುಮ್ಮಟಕ್ಕೆ ಅವಸರವೇನಿಲ್ಲ. ರಸ್ತೆಯ ಬದಿಯಲ್ಲಿ ಕೇಬಲ್ಲಿಗೂ ಕೊಳವೆಗೂ ಈಗಲೇ ಪ್ರತ್ಯೇಕ ಕಾಲುವೆ ಬಿಟ್ಟರೆ, ಮುಂದೆ ಹೊಸ ವಿಭಾಗ ಬಂದಾಗ ಡಾಂಬರು ಅಗೆಯಬೇಕಾಗುವುದಿಲ್ಲ.